ಕೆನ್ನೆಯ ಗಾಳಿ

ನಳಿಕೆಯೊಳಗಿನ ನೀಲಿ ಚೆಂಡು ಕೆಳಗಿಳಿಯಲೇ ಇಲ್ಲ. ಒಂದೇ ಉಸಿರಿಗೆ ಊದಿ ಅದನ್ನು ಹತ್ತು ಎಣಿಸುವವರೆಗೆ ಮೇಲೆ ನಿಲ್ಲಿಸಿದರೆ ಮನೆಗೆ ಕಳಿಸುತ್ತೇವೆ ಎಂದಿದ್ದ ನರ್ಸ್, ಇಪ್ಪತ್ತು ಎಣಿಸಿ ಸುಸ್ತಾದಳು. “ಅಬ್ಬಬ್ಬಾ! ಈ ವಯಸ್ಸಲ್ಲೂ ಎಂಥಾ ದಮ್ಮು ತಾತ ನಿಮ್ದು!”

ಮಗಳು ಮಾತ್ರ ಅಪ್ಪನ ಕೆನ್ನೆಗಳನ್ನೇ ನೋಡುತ್ತಿದ್ದಳು. ಅವು ಉಬ್ಬುತ್ತಿದ್ದವು, ಕುಗ್ಗುತ್ತಿದ್ದವು. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಊದುತ್ತಲೇ ಮೂಗಿನಿಂದ ಕದ್ದು ಉಸಿರೆಳೆಯುವ ಕ್ಲಾರಿನೆಟ್ಟಿನ ವಿದ್ಯೆ ಅದು; ಅವಳಿಗೂ ಅಪ್ಪನೇ ಕಲಿಸಿದ್ದ. ನಾಳೆ ಅವನ ಕಾರ್ಯಕ್ರಮವಿತ್ತು. ಊದುತ್ತಲೇ ಅಪ್ಪ ಅವಳತ್ತ ಕಣ್ಣು ಮಿಟುಕಿಸಿದ.

ಅವಳು ನಗಲಿಲ್ಲ. ಹಾಸಿಗೆಯ ಪಕ್ಕ ಬಂದು, ಎರಡು ಬೆರಳಲ್ಲಿ ಅಪ್ಪನ ಮೂಗು ಒತ್ತಿ ಹಿಡಿದಳು.

“ಈಗ ಊದಪ್ಪ.”

ನರ್ಸ್ ಮತ್ತೆ ಒಂದರಿಂದ ಶುರು ಮಾಡಿದಳು. ಎರಡು ಎನ್ನುವ ಮೊದಲೇ ಚೆಂಡು ಟಕ್ಕೆಂದು ತಳಕ್ಕೆ ಬಿತ್ತು.