ಪಾತ್ರದಲ್ಲಿಲ್ಲದ ನೋವು

“ನಿನಗಿರೋದು ತಲೆನೋವು. ಹೊಟ್ಟೆ ಮೇಲಿಂದ ಕೈ ತೆಗಿ,” ಎಂದರು ವಿಭಾಗದ ಮುಖ್ಯಸ್ಥೆ.

ರೋಗಿಯ ಪಾತ್ರಕ್ಕಾಗಿ ಹಾಸಿಗೆಯ ಮೇಲೆ ಮಲಗಿದ್ದ ಹುಡುಗಿ ಕೈ ತೆಗೆದಳು. ನರ್ಸಿಂಗ್ ಕೊನೆಯ ವರ್ಷದ ಅವಳನ್ನು ತರಗತಿಯಲ್ಲಿ ಎಲ್ಲರೂ ಪಿಸುಮಾತು ಎಂದೇ ಕರೆಯುತ್ತಿದ್ದರು. ಹಾಜರಿ ಕೂಗಿದಾಗ ಅವಳು ಹೇಳುವ ‘ಎಸ್ ಮೇಡಂ’ ಪಕ್ಕದಲ್ಲಿ ಕೂತವಳಿಗೂ ಕೇಳಿಸುತ್ತಿರಲಿಲ್ಲ.

“ಮೇಡಂ, ಬೆಳಿಗ್ಗೆಯಿಂದ ನಿಜವಾಗ್ಲೂ ತುಂಬಾ...”

“ಭಯ ಕಣಮ್ಮ ಅದು. ಕ್ಯಾಮೆರಾ ಅಂದ್ರೆ ಎಲ್ಲರಿಗೂ ಹೊಟ್ಟೆಯೊಳಗೆ ಏನೇನೋ ಆಗುತ್ತೆ. ನನಗೂ ಆಗ್ತಿದೆ. ನಾನೇನು ಮಲಗಿದ್ದೀನಾ?”

ಮುಖ್ಯಸ್ಥೆಗೆ ನಿಜಕ್ಕೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ‘ರೋಗಿಯೊಡನೆ ಸಹಾನುಭೂತಿ’ ಸ್ಪರ್ಧೆಯಲ್ಲಿ ಅವರ ಆರೋಗ್ಯ ವಿಜ್ಞಾನ ಕಾಲೇಜು ಕೊನೆಯ ಸುತ್ತಿಗೆ ಬಂದಿತ್ತು. ಕಾಲೇಜಿನ ಜಾಲತಾಣದ ‘ನಮ್ಮ ಸಾಧನೆಗಳು’ ಪುಟಕ್ಕೆ ಪ್ರಥಮ ಬಹುಮಾನದ ಸುದ್ದಿಯನ್ನು ಆಗಲೇ ಬರೆದಿಟ್ಟಾಗಿತ್ತು. ಫೋಟೊ ಸೇರಿಸುವುದೊಂದೇ ಬಾಕಿ; ಅದಕ್ಕೆಂದೇ ಕ್ಯಾಮೆರಾದವನೊಬ್ಬ ಹಾಸಿಗೆಯ ಹತ್ತಿರ ನಿಂತಿದ್ದ. ವಾರ್ಡಿನಂತೆ ಸಜ್ಜುಗೊಳಿಸಿದ್ದ ಪ್ರಯೋಗಾಲಯದ ಮೂಲೆಯಲ್ಲಿ ಹೊಸ ಸ್ಟ್ರೆಚರೊಂದು ಮೈಗೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಮುಖ್ಯ ತೀರ್ಪುಗಾರರ ಕತ್ತರಿಗಾಗಿ ಕಾಯುತ್ತಿತ್ತು.

ತೀರ್ಪುಗಾರರಿಬ್ಬರೂ ಬಂದು ಗಾಜಿನಾಚೆಯ ಕೋಣೆಯಲ್ಲಿ ಕುಳಿತರು. ಆ ಬದಿಯವರಿಗೆ ಎಲ್ಲವೂ ಕಾಣುತ್ತದೆ, ಮೈಕಿನಲ್ಲಿ ಕೇಳುತ್ತದೆ. ಈ ಬದಿಯವರಿಗೆ ಗಾಜಿನಲ್ಲಿ ಕಾಣುವುದು ತಮ್ಮ ಮುಖ ಮಾತ್ರ. ಮುಖ್ಯಸ್ಥೆ ತೀರ್ಪುಗಾರರ ಕುರ್ಚಿಯ ಹಿಂದೆ ನಿಂತರು.

ನರ್ಸಿನ ಪಾತ್ರದವಳು ಪರದೆ ಸರಿಸಿ ಒಳಬಂದಳು. ದೊಡ್ಡ ದನಿಯ ಇವಳ ಅಡ್ಡಹೆಸರು ರೇಡಿಯೋ, ಪಿಸುಮಾತಿನ ರೂಮ್‌ಮೇಟ್. ಪಕ್ಕದಲ್ಲಿ ಕೂರುವುದು, ಕಣ್ಣಲ್ಲಿ ಕಣ್ಣಿಡುವುದು, ಕೈ ಹಿಡಿಯುವುದು, ‘ನಿಮ್ಮ ನೋವು ನನಗೆ ಅರ್ಥವಾಗುತ್ತೆ’ ಎನ್ನುವುದು — ಒಂದೊಂದಕ್ಕೂ ಬೇರೆಬೇರೆ ಅಂಕ. ವಾರವಿಡೀ ಹಾಸ್ಟೆಲಿನ ಬಚ್ಚಲಲ್ಲಿ ಬಕೆಟ್ಟಿನ ಹಿಡಿಯನ್ನು ಮೃದುವಾಗಿ ಹಿಡಿದು, ಅದರ ನೋವನ್ನೆಲ್ಲ ಅವಳು ಅರ್ಥ ಮಾಡಿಕೊಂಡಿದ್ದಳು.

“ನಮಸ್ಕಾರ, ನಾನು ನಿಮ್ಮ ನರ್ಸ್. ಏನು ತೊಂದರೆ ಆಗ್ತಿದೆ ಹೇಳಿ?”

“ತಲೆ...” ಎಂದ ಪಿಸುಮಾತು ಮೊಣಕಾಲು ಮಡಚಿ ಮುದುಡಿಕೊಂಡಳು. “ಹೊಟ್ಟೆ. ಬಲಗಡೆ. ಕೆಳಗೆ.”

“ತಲೆ ಕಣೇ, ತಲೆ!” ರೇಡಿಯೋ ನಗುಮುಖ ಕೆಡಿಸಿಕೊಳ್ಳದೆ, ಮೈಕಿಗೆ ಸಿಗದ ಹಾಗೆ ಹಲ್ಲಿನ ಸಂದಿಯಿಂದಲೇ ಗದರಿದಳು.

ಗಾಜಿನಾಚೆ ಮುಖ್ಯಸ್ಥೆ ಬಣ್ಣಗೆಟ್ಟು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಆದರೆ ಮುಖ್ಯ ತೀರ್ಪುಗಾರರು ತೊಡೆ ತಟ್ಟಿಕೊಂಡರು. “ಆಹಾ! ಬಾಯಲ್ಲಿ ಒಂದು, ಹೊಟ್ಟೇಲಿ ಒಂದು. ನಿಜವಾದ ರೋಗಿಗಳು ಥೇಟ್ ಹೀಗೇ. ಎಷ್ಟು ಸೂಕ್ಷ್ಮವಾಗಿ ಬರೆಸಿದ್ದೀರಿ ಮೇಡಂ!”

“ಅದನ್ನ ತುಂಬಾ ಯೋಚನೆ ಮಾಡಿ ಸೇರಿಸಿದ್ದು ಸರ್,” ಎಂದರು ಮುಖ್ಯಸ್ಥೆ. ಹೋದ ಬಣ್ಣ ಮುಖಕ್ಕೆ ಮರಳಿತ್ತು.

“ಹಣೆ ಮೇಲೆ ಬೆವರು ಬೇರೆ!” ಎಂದರು ಎರಡನೆಯವರು. “ನೀರು ಚಿಮುಕಿಸಿದ್ರಾ?”

“ಇಲ್ಲ ಸರ್. ಎಲ್ಲಾ ತರಬೇತಿ.”

ಇತ್ತ ರೇಡಿಯೋ ಕಲಿತ ಪ್ರಕಾರ ಕೈ ಹಿಡಿದಳು. ಕೈ ಒದ್ದೆಯಾಗಿತ್ತು, ತಣ್ಣಗೆ ಕೊರೆಯುತ್ತಿತ್ತು. ಅವಳು ‘ನಿಮ್ಮ ನೋವು...’ ಎಂದು ಶುರುಮಾಡಿ ಅಲ್ಲೇ ನಿಂತಳು. ಇಡೀ ವಾರ ಬಕೆಟ್ಟಿನ ಮುಂದೆ ಒಮ್ಮೆಯೂ ತಡವರಿಸದ ಬಾಯಿ ಈಗ ಮುಂದಕ್ಕೆ ಹೋಗಲಿಲ್ಲ. ಅವಳು ಬಗ್ಗಿ, ರೂಮಿನಲ್ಲಿ ಕರೆಯುವಂತೆ ಕರೆದಳು.

“ಏ ಪಿಸೂ, ನಿಜವಾಗ್ಲೂ ನೋವಾ?”

ಮೈಕಿನಲ್ಲಿ ಅದು ಸ್ಪಷ್ಟವಾಗಿ ಕೇಳಿತು. ಮುಖ್ಯಸ್ಥೆ ಗಾಜನ್ನು ಟಕಟಕ ಬಡಿದರು. “ಮುಂದಿನ ಮಾತು! ಮುಂದಿನ ಮಾತು ಹೇಳೇ!”

ಪಿಸುಮಾತು ಹಾಸಿಗೆಯಂಚಿಗೆ ಹೊರಳಿ, ರೇಡಿಯೋಳ ಇಸ್ತ್ರಿಯ ಸಮವಸ್ತ್ರದ ಮೇಲೆಯೇ ವಾಂತಿ ಮಾಡಿಕೊಂಡಳು.

“ಯಾರಾದ್ರೂ ಬನ್ರೋ! ಇವಳಿಗೆ ಏನೋ ಆಗ್ತಿದೆ!” ಆ ದನಿಗೆ ಮೈಕು ಬೇಕಿರಲಿಲ್ಲ. ರೇಡಿಯೋ ಮೂಲೆಗೆ ಓಡಿ, ಸ್ಟ್ರೆಚರಿನ ರಿಬ್ಬನ್ನನ್ನು ಕೈಯಿಂದ ಜಗ್ಗಿದಳು. ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು. ಫೋಟೊ ತೆಗೆಯಲು ಬಂದಿದ್ದವನು ಕ್ಯಾಮೆರಾ ಬೆನ್ನಿಗೆ ಸರಿಸಿ ಕಾಲು ಹಿಡಿದ, ಅವಳು ತೋಳು ಹಿಡಿದಳು. ಇಬ್ಬರೂ ಸೇರಿ ಪಿಸುಮಾತನ್ನು ಎತ್ತಿ ಮಲಗಿಸಿದರು.

“ಅಳಬೇಡ ಕಣೇ, ನಾನಿದೀನಿ,” ಎನ್ನುತ್ತ ರೇಡಿಯೋ ಸ್ಟ್ರೆಚರ್ ನೂಕಿಕೊಂಡು ಕಾಲೇಜಿನ ಆಸ್ಪತ್ರೆಗೆ ಹೋಗುವ ಬಾಗಿಲಿನತ್ತ ಓಡಿದಳು. ಈ ಮಾತಿಗೆ ಅಂಕವಿರಲಿಲ್ಲ. ಹರಿದ ರಿಬ್ಬನ್ನು ಚಕ್ರಕ್ಕೆ ಸುತ್ತಿಕೊಂಡು ಕಾರಿಡಾರಿನುದ್ದಕ್ಕೂ ಎಳೆದುಕೊಂಡು ಹೋಯಿತು.

ಗಾಜಿನಾಚೆ ಮುಖ್ಯ ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡರು.

“ಪಾಪ, ಹುಡುಗಿ ಬೇಗ ಹುಷಾರಾಗ್ಲಿ, ಅದು ಬೇರೆ ಮಾತು. ಆದ್ರೆ ಪ್ರಥಮ ಬಹುಮಾನ ಕೊಡೋದು ಕಷ್ಟ ಮೇಡಂ. ನಿಮ್ಮ ನರ್ಸು ರೋಗೀನ ‘ನಿಜವಾಗ್ಲೂ ನೋವಾ’ ಅಂತ ಕೇಳಿಬಿಟ್ಟಳಲ್ಲ. ರೋಗಿಯ ನೋವನ್ನ ಅನುಮಾನಿಸಬಾರದು. ಸಹಾನುಭೂತಿಯ ಮೊದಲನೇ ಪಾಠವೇ ಅದು.”

ಮುಖ್ಯಸ್ಥೆ ತಲೆ ತಗ್ಗಿಸಿದರು.

“ಬಾಯಿ ನೋಯೋ ಹಾಗೆ ಹೇಳಿಕೊಟ್ಟಿದ್ದೆ ಸರ್,” ಎಂದರು.