ಗುಂಡುಕಲ್ಲಿಗೆ ಎಡೆ

"ನಾಳೆ ಬೆಳಿಗ್ಗೆ ಕ್ರೇನ್ ಬರುತ್ತೆ ಮೇಡಂ. ಕಲ್ಲೆಲ್ಲಾ ನಮ್ಮ ಲಾಬಿಗೆ ಶಿಫ್ಟ್. ಲೈಟಿಂಗ್ ಸಕ್ಕತ್ತಾಗಿ ಮಾಡಿಸ್ತೀವಿ," ಎಂದ ಮಲ್ಲಿಕ್. ವೈಟ್‌ಫೀಲ್ಡ್ ಆಚೆ ಏಳುತ್ತಿದ್ದ ಕಂಪನಿ ಕ್ಯಾಂಪಸ್ಸಿನ ಮ್ಯಾನೇಜರ್ ಅವನು. ಎರಡು ಸಾವಿರ ವರ್ಷದ ಸಮಾಧಿಯ ಸುತ್ತ ನೆಟ್ಟ ಗುಂಡುಕಲ್ಲುಗಳು ಅವನ ಕಣ್ಣಿಗೆ ಸೋಫಾ ಪಕ್ಕ ಚೆನ್ನಾಗಿ ಒಪ್ಪುವ ಸಾಮಾನು.

ಅವನು ಹೇಳುತ್ತಿದ್ದುದು ಉತ್ಖನನದ ಮುಖ್ಯಸ್ಥೆ ಸ್ಫೂರ್ತಿಗೆ. ಕಲ್ಲು ಕದಲಿದರೆ ಸಮಾಧಿ ಸಮಾಧಿಯಾಗಿ ಉಳಿಯುವುದಿಲ್ಲ. ತಡೆಯಲು ಇದ್ದದ್ದು ಒಂದೇ ದಾರಿ. ಊರಿನವರು ಯಾರಾದರೂ ಇದು ತಮ್ಮ ಹಿರಿಯರ ಜಾಗ ಎಂದರೆ ಮುಟ್ಟುವುದಿಲ್ಲವೆಂದು ಕಂಪನಿ ಮೊದಲೇ ಒಪ್ಪಿತ್ತು.

ಮಣ್ಣು ಜರಡಿ ಹಿಡಿಯುತ್ತಿದ್ದ ಬೈರಮ್ಮ ಇದೇ ಊರಿನವಳು. ಪ್ರತಿ ಮಹಾಲಯ ಅಮಾವಾಸ್ಯೆಗೆ ಈ ಕಲ್ಲುಗಳ ನಡುವೆ ಬಾಳೆಲೆ ಹಾಸಿ, ಅನ್ನ ಪಾಯಸದ ಎಡೆ ಇಡುತ್ತಾಳಂತೆ. ನಿನ್ನೆ ಟೀ ಕುಡಿಯುವಾಗ ಅವಳೇ ಬಾಯಿಬಿಟ್ಟಿದ್ದಳು. ಮೇಲ್ಮಣ್ಣಿನಲ್ಲಿ ಸಿಕ್ಕ ತೆಂಗಿನ ಚಿಪ್ಪು, ಒಣಗಿದ ಎಲೆಚೂರುಗಳನ್ನೆಲ್ಲ ಅಷ್ಟರಲ್ಲಿ ಸ್ಫೂರ್ತಿ ಕಸವೆಂದು ಎಸೆಸಿ ಆಗಿತ್ತು. ಎರಡು ಸಾವಿರ ವರ್ಷ ಹಿಂದಿನದನ್ನು ಹುಡುಕುತ್ತಿದ್ದವಳಿಗೆ ಹೋದ ವರ್ಷದ್ದು ಕಂಡಿರಲಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ, ಅಗೆದವರೆಲ್ಲ ಈ ಜಾಗದ ಬಗ್ಗೆ ತಮಗೆ ತೋಚಿದ್ದನ್ನು ಕ್ಯಾಮೆರಾ ಮುಂದೆ ಹೇಳಬೇಕು, ಯಾರೂ ಯಾರಿಗೂ ಹೇಳಿಕೊಡಬಾರದು. ಇದು ಸ್ಫೂರ್ತಿಯೇ ಮಾಡಿದ ನಿಯಮ. ಬೈರಮ್ಮನ ಸರದಿ ಬಂದಾಗ ಮಲ್ಲಿಕ್ ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದ.

"ಬೈರಮ್ಮ, ಇಲ್ಲಿರೋರು ನಿಮ್ಮ ಹಿರಿಯರೇ ಅಲ್ವಾ?" ಎಂದಳು ಸ್ಫೂರ್ತಿ. ಸಾಲದ್ದಕ್ಕೆ, ಹೂಂ ಅನ್ನಿ ಎಂಬಂತೆ ಮೆಲ್ಲಗೆ ತಲೆಯನ್ನೂ ಆಡಿಸಿದಳು. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಆದರೂ ಆಡಿಸಿದಳು.

ಬೈರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಇಲ್ಲ ಕಣವ್ವಾ. ನಮ್ಮೋರಲ್ಲ."

ಮಲ್ಲಿಕ್ ಆಗಲೇ ಕ್ರೇನಿನವನಿಗೆ ಫೋನ್ ಹಚ್ಚಿದ್ದ.

"ಮತ್ತೆ ವರ್ಷಾ ವರ್ಷಾ ಎಡೆ ಇಡ್ತೀನಿ ಅಂದ್ರಲ್ಲ?" ಎಂದು ಕೇಳಿದಳು ಸ್ಫೂರ್ತಿ.

"ನಮ್ಮೋರಾಗಿದ್ರೆ ಮನೇಲೇ ಇಕ್ತಿದ್ದೆ. ಇವ್ರು ಯಾರೋ ಏನೋ, ಪಾಪ, ಕೇಳೋರೇ ಇಲ್ಲ. ಅದ್ಕೇ ಇಲ್ಲೀಗಂಟ ಒತ್ಕೊಂಡ್ ಬತ್ತೀನಿ."

ಫೋನಿನಲ್ಲಿ ಕ್ರೇನಿನವನು ಹಲೋ ಹಲೋ ಅನ್ನುತ್ತಿದ್ದ. ಬೈರಮ್ಮ ಮಲ್ಲಿಕ್ ಕಡೆ ತಿರುಗಿದಳು. ಅವಳ ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

"ಇವ್ರನ್ನ ನಿಮ್ಮ ಆಪೀಸ್‌ಗೆ ಕರ್ಕಂಡೋಯ್ತೀರಂತಲ್ಲ ಸಾರ್, ಅಲ್ಲಿ ಅಮಾಸೆಗೆ ಯಾರು ಇಕ್ತೀರಿ?"