ಬೊಟ್ಟಿಲ್ಲದ ಅತ್ತಿಹಣ್ಣು

ಅತ್ತಿಯ ಹೂವೆಲ್ಲ ಕಾಯಿಯ ಒಳಗೇ ಅಡಗಿರುತ್ತದೆ. ಅಲ್ಲಿಗೆ ನುಗ್ಗಿ ಪರಾಗ ಮುಟ್ಟಿಸುತ್ತಿದ್ದ ಹುಳ ಸಿದ್ದಾಜಮ್ಮನ ಅವ್ವನ ಕಾಲಕ್ಕೇ ಇಲ್ಲವಾಗಿತ್ತು. ಹಾಗಾಗಿ ನಲವತ್ತು ವರ್ಷದಿಂದ ಸಿದ್ದಾಜಮ್ಮನೇ ಏಣಿ ಹತ್ತಿ, ಒಂದೊಂದು ಕಾಯಿಯ ಬಾಯಿಗೂ ಪರಾಗದ ಸೂಜಿ ತೂರಿಸಿ, ಗುರುತಿಗೆ ಅರಿಶಿನದ ಬೊಟ್ಟಿಡುತ್ತಿದ್ದಳು. ಸೂಜಿ ಕಾಣದ ಕಾಯಿ ಹಸಿರಾಗಿಯೇ ಉದುರುತ್ತದೆ. ಯಂತ್ರಕ್ಕೆ ಒಪ್ಪಿಸಿದ ಪಕ್ಕದ ಮರದಡಿ, ಹಾಗೆ ಉದುರಿದ ಕಾಯಿಗಳಿಂದ ಕಾಲಿಡಲು ಜಾಗವಿರುತ್ತಿರಲಿಲ್ಲ. ಇವಳ ಮರದಡಿ ಪ್ರತಿ ಫಸಲಿಗೂ ಬೀಳುತ್ತಿದ್ದುದು ಒಂದೇ ಒಂದು ಕಾಯಿ.

ಈ ಸಲ ಅದೂ ಬಿದ್ದಿರಲಿಲ್ಲ. ತಪಾಸಣೆಗೆ ಬಂದ ರೇಂಜರ್ ಜಯಶೀಲ ಹಣ್ಣಾದ ಗೊಂಚಲಿನ ಮುಂದೆ ನಿಂತು, ಅದರಲ್ಲೊಂದು ಹಣ್ಣಿಗೆ ಬೆರಳು ತೋರಿಸಿದಳು.

“ಅಜ್ಜಿ, ಇದಕ್ಕೆ ಬೊಟ್ಟೇ ಇಲ್ಲ. ಒಂದು ತಪ್ಪಿದ್ರೂ ಸೂಜಿ ಇಲಾಖೆಗೆ ವಾಪಸ್ ಕೊಡ್ಬೇಕು, ಗೊತ್ತಲ್ಲ?”

“ತಪ್ಪಿಲ್ಲ ಕನವ್ವ, ಬುಟ್ಟಿವ್ನಿ. ಪ್ರತಿ ಫಸಲ್ಗೂ ಒಂದ ಬುಡ್ತೀನಿ, ಹುಳವ್ವನ ಪಾಲು ಅಂತ. ನಮ್ಮವ್ವನೂ ಬುಡೋಳು. ಯಾವತ್ತೂ ಹಸ್ರಾಗೇ ಉದ್ರೋದು.”

“ಆದ್ರೆ ಇದು ಹಣ್ಣಾಗಿದೆ!”

ಸಿದ್ದಾಜಮ್ಮ ಆ ಹಣ್ಣನ್ನು ಕಿತ್ತು ಎರಡು ಹೋಳು ಮಾಡಿದಳು. ಸಾಸಿವೆಗಿಂತ ಸಣ್ಣ ಹುಳಗಳು ಬುಳುಬುಳು ಹೊರಬಂದವು. ಒಂದು ಅವಳ ಹೆಬ್ಬೆರಳ ಮೇಲೆ ಅರೆಗಳಿಗೆ ಕೂತು, ರೆಕ್ಕೆ ಬಿಚ್ಚಿ, ಪಕ್ಕದ ಮರದ ಕಡೆಗೆ ಹಾರಿತು.

ಬರೆಯುತ್ತಿದ್ದ ಜಯಶೀಲಳ ಪೆನ್ನು ನಿಂತೇಬಿಟ್ಟಿತು.

ಸಿದ್ದಾಜಮ್ಮ ಸೊಂಟದಿಂದ ಸೂಜಿ ತೆಗೆದು, ಸೆರಗಿನಲ್ಲಿ ಒರೆಸಿ, ತಲೆಯೆತ್ತಿ ಅವಳ ಕೈಗಿಟ್ಟಳು.

“ತಕೊ ನಿನ್ ಸೂಜಿಯ. ಈ ಕೆಲ್ಸದ ಯಜಮಾನ್ತಿ ಬಂದವ್ಳೆ.”